ಎರಡನೇ ಗೇರಿನಲ್ಲಿ ಸಿಕ್ಕಿಕೊಂಡ ಕಾರು

ರಿಕವರಿ ವ್ಯಾನಿನ ಸರಪಳಿ ಸದ್ದು ಕೇಳಿ, ಮಲಗಿ ಕೆಲಸ ಮಾಡುತ್ತಿದ್ದ ಕಾರಿನ ಅಡಿಯಿಂದ ತಲೆ ಹೊರಗೆ ಹಾಕಿದೆ. ವ್ಯಾನಿನ ಮೇಲೆ ಅದೇ ಕೆಂಪು ಕಾರು. ತಲೆಯನ್ನು ಮತ್ತೆ ಒಳಗೆ ಎಳೆದುಕೊಂಡೆ. ಸಂಜೆಯವರೆಗೆ ಹಾಗೇ ಅಲ್ಲೇ ಮಲಗಿರೋಣ ಅನ್ನಿಸಿತು. ಮೂರು ವಾರದ ಹಿಂದೆ ಆ ಕಾರನ್ನು ರಿಪೇರಿ ಮಾಡಿ, "ಇನ್ನು ಹತ್ತು ವರ್ಷ ತೊಂದರೆ ಇಲ್ಲ" ಎಂದು ಎದೆ ತಟ್ಟಿಕೊಂಡು ಕಳಿಸಿದವನು ನಾನೇ.

ಅಬುಧಾಬಿಯ ಮುಸಫ್ಫಾದಲ್ಲಿ ನಮ್ಮ ಗ್ಯಾರೇಜು. ಹೊಸ ಕಾರುಗಳಿಗೆ ಹನ್ನೊಂದು ಬೇ, ಅಂದರೆ ರಿಪೇರಿಗೆ ನಿಲ್ಲಿಸುವ ಅಂಕಣ, ಹಳೆಯ ಕಾರುಗಳಿಗೆ ಒಂದು ಮೂಲೆ. ಆ ಮೂಲೆ ನನ್ನದು. ಹೊಸ ಕಾರಿಗೆ ಕಂಪ್ಯೂಟರ್ ಚುಚ್ಚಿದರೆ ಅದೇ ತನ್ನ ರೋಗ ಹೇಳುತ್ತದೆ. ಹಳೆಯದು ಹೇಳುವುದಿಲ್ಲ, ನಾವೇ ಕಿವಿಗೊಟ್ಟು, ಮೂಗಿಟ್ಟು, ಕೈಯಾಡಿಸಿ ತಿಳಿಯಬೇಕು. ನನಗೆ ಬರುವುದು ಆ ಕೆಲಸ ಒಂದೇ. ಬೇರೆಯವರು ಮೂಗು ಮುರಿಯುವ ಆ ಮೂಲೆಗಾಗಿ ನಾನು ಎರಡು ವರ್ಷ ಮ್ಯಾನೇಜರರ ಬೆನ್ನು ಬಿದ್ದು ಒಪ್ಪಿಸಿದ್ದೆ.

ಈ ಕಾರು ಎಂಬತ್ತರ ದಶಕದ್ದು, ಜಪಾನಿನದು. ಎರಡೇ ಸೀಟು. ಎಂಜಿನ್ ಮುಂದಿಲ್ಲ, ಸೀಟಿನ ಬೆನ್ನಿಗೇ ಇದೆ. ಹಾಗಾಗಿ ಗೇರ್ ಲಿವರ್ ಮುಂದೆ, ಗೇರ್ ಬಾಕ್ಸ್ ಹಿಂದೆ. ಎರಡನ್ನೂ ಜೋಡಿಸುವುದು ಕಾರಿನ ನಡುವಿನಿಂದ ಹಾದುಹೋಗುವ ಎರಡು ಕೇಬಲ್. ಒಂದು ಲಿವರಿನ ಹಿಂದುಮುಂದಿನ ಚಲನೆಯನ್ನು ಒಯ್ಯುತ್ತದೆ, ಇನ್ನೊಂದು ಎಡಬಲದ್ದನ್ನು. ಸೈಕಲ್ಲಿನ ಬ್ರೇಕ್ ಕೇಬಲ್ಲನ್ನು ಬೆರಳಿನಷ್ಟು ದಪ್ಪ ಮಾಡಿದರೆ ಹೇಗೋ ಹಾಗೆ. ಒಳಗೆ ಉಕ್ಕಿನ ತಂತಿ, ಅದರ ಸುತ್ತ ನುಣ್ಣನೆಯ ಪ್ಲಾಸ್ಟಿಕ್ ನಳಿಗೆ, ಹೊರಗೆ ಕವಚ. ಪ್ಲಾಸ್ಟಿಕ್ ನುಣ್ಣಗಿರುವಷ್ಟು ಕಾಲ ತಂತಿ ಜಾರುತ್ತದೆ. ಬಿಸಿಗೆ ಮೆತ್ತಗಾದರೆ ಅದು ತಂತಿಯನ್ನು ಕಚ್ಚಿ ಹಿಡಿಯುತ್ತದೆ, ಆಮೇಲೆ ಗೇರು ಎಲ್ಲಿದೆಯೋ ಅಲ್ಲೇ. ಹಿಂದಿನ ಮಾಲೀಕರು ಯಾರೋ, ಸದ್ದು ಜೋರಾಗಲಿ ಎಂದು ದಪ್ಪನೆಯ ಎಕ್ಸಾಸ್ಟ್ ಪೈಪ್ ಹಾಕಿಸಿ, ಅದಕ್ಕೆ ಅಡ್ಡ ಬಂದ ಶಾಖ ತಡೆಯುವ ತಗಡನ್ನು ಕಿತ್ತು ಎಸೆದಿದ್ದರು. ಕೇಬಲ್ಲಿಗೂ ಪೈಪಿಗೂ ನಡುವೆ ಉಳಿದದ್ದು ಮೂರು ಬೆರಳು ಜಾಗ.

ಈಗಿನ ಮಾಲೀಕರು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಹಿರಿಯ ಟೆಕ್ನಿಷಿಯನ್. ಖಲೀಫಾ ಸಿಟಿಯಲ್ಲಿ ಮನೆ. ನಾನು ಅದೇ ಕರಾವಳಿಯ ಮುಸ್ಲಿಂ, ಬ್ಯಾರಿ. ಊರಿನ ರೂಢಿಯಂತೆ ಅವರಿಗೆ ನಾನು ಬ್ಯಾರ್ರೆ, ನನಗೆ ಅವರು ಪೊರ್ಬುಗಳು. ಅವರ ಹೆಂಡತಿ ಅದೇ ಆಸ್ಪತ್ರೆಯಲ್ಲಿ ಹೆಡ್ ನರ್ಸ್, ನಾವು ಬಾಯಮ್ಮ ಎನ್ನುತ್ತೇವೆ. ಕಾರಿನ ಮುಲ್ಕಿಯಾ, ಅಂದರೆ ನೋಂದಣಿ ಕಾರ್ಡು, ಬಾಯಮ್ಮನ ಹೆಸರಿನಲ್ಲಿದೆ. ಆಸೆ ಮಾತ್ರ ಪೊರ್ಬುಗಳದ್ದು.

ಮೊದಲ ಸಲ ಬಂದಾಗ ಕೇಬಲ್ಲುಗಳ ಕವಚ ಗುಳ್ಳೆ ಎದ್ದಿತ್ತು. ಜಪಾನಿನಿಂದ ಹೊಸ ಜೋಡಿ ತರಿಸಿ ಹಾಕಿದೆ. ಎಕ್ಸಾಸ್ಟ್ ಪೈಪಿಗೆ ಗಾಜಿನ ನಾರಿನ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಅರ್ಧಕ್ಕರ್ಧ ಮೇಲೆ ಬರುವಂತೆ ಬಿಗಿಯಾಗಿ ಸುತ್ತಿ, ಉಕ್ಕಿನ ಪಟ್ಟಿಯಿಂದ ಕಟ್ಟಿದೆ. ಕೇಬಲ್ಲುಗಳಿಗೆ ಬೆಳ್ಳಿ ಬಣ್ಣದ ಶಾಖ ನಿರೋಧಕ ಸ್ಲೀವ್ ತೊಡಿಸಿದೆ. ನೋಡಲಿಕ್ಕೆ ಎಷ್ಟು ಚೆಂದ ಇತ್ತೆಂದರೆ ನಾನೇ ಫೋಟೋ ತೆಗೆದುಕೊಂಡೆ. ದುಬೈನ ಅಲ್ ಬರ್ಷಾದವರೆಗೆ ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗಿ ಬಂದೆ, ಜೂನ್ ತಿಂಗಳ ಮಟಮಟ ಮಧ್ಯಾಹ್ನ. ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು.

ಆ ಕಾರು ಈಗ ವ್ಯಾನಿನ ಮೇಲೆ. ಪೊರ್ಬುಗಳು ವ್ಯಾನಿನ ಮುಂದಿನ ಸೀಟಿನಿಂದ ಇಳಿದರು. ಕೈಯಲ್ಲಿ ಒಂದು ಐಸ್ ಬಾಕ್ಸ್.

"ಎಂತ ಮಾರಾಯ್ರೆ ಬ್ಯಾರ್ರೆ, ಪುನಃ ಅದೇ ಕತೆ. ಅಲ್ ಮೀನಾದಲ್ಲಿ ಎರಡನೇ ಗೇರಿನಲ್ಲಿ ಕೂತದ್ದು ಏಳ್ಲೇ ಇಲ್ಲ."

"ಓಡುವಾಗ ಸಿಕ್ಕಿಕೊಂಡದ್ದಾ, ಸಿಗ್ನಲಿನಲ್ಲಾ?"

"ಸಿಗ್ನಲಿನಲ್ಲಿ... ಹಾಗೇ ಅಂತ ಇಟ್ಟುಕೊಳ್ಳಿ" ಎಂದು ಅವರು ಐಸ್ ಬಾಕ್ಸಿನ ಮುಚ್ಚಳ ನೋಡತೊಡಗಿದರು. ನಾನು ಆಗ ಅದನ್ನು ಗಮನಿಸಲಿಲ್ಲ. ನನ್ನ ಕಣ್ಣು ಮ್ಯಾನೇಜರರ ಮೇಲಿತ್ತು.

ನಮ್ಮ ಮ್ಯಾನೇಜರ್ ಕಾಸರಗೋಡಿನವರು. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಬೈಯುವುದು ಮಾತ್ರ ಮಲಯಾಳದಲ್ಲಿ. ಆ ದಿನ ಬೈಯಲಿಲ್ಲ. ಅದು ಇನ್ನೂ ಕಷ್ಟ.

"ನೋಡು" ಎಂದರು. "ಒಂದೇ ಕೆಲಸಕ್ಕೆ ಒಂದೇ ಗಾಡಿ ಎರಡು ಸಲ. ಇಷ್ಟು ಜಾಗದಲ್ಲಿ ನಾನು ಆಯಿಲ್ ಚೇಂಜಿಗೆ ಲಿಫ್ಟ್ ಹಾಕಿದ್ರೆ ದಿನಕ್ಕೆ ಇಪ್ಪತ್ತು ಕಾರು ಹೋಗ್ತದೆ. ಇದನ್ನು ಬಿಚ್ಚು. ತಪ್ಪು ಯಾರದ್ದು ಅಂತ ಜಾಬ್ ಕಾರ್ಡಿನಲ್ಲಿ ಬರೆ. ಗಿರಾಕಿಯದ್ದಾದ್ರೆ ಗಿರಾಕಿಯದ್ದು. ನಮ್ಮ ಕೆಲಸದ್ದೇ ತಪ್ಪಾದ್ರೆ ಈ ಮೂಲೆ ಖಲಾಸ್. ನೀನು ಹೋಗಿ ಆಯಿಲ್ ಬೇಯಲ್ಲಿ ನಿಲ್ಲು."

ಮಂಡೆ ಬಿಸಿಯಾಯಿತು. ಆಯಿಲ್ ಬದಲಿಸುವ ಕೆಲಸ ಕೀಳು ಎಂದು ನಾನು ಹೇಳುವುದಿಲ್ಲ. ಆದರೆ ಇಪ್ಪತ್ತೆರಡು ವರ್ಷ ಕಲಿತದ್ದನ್ನು ಮಡಚಿಟ್ಟು, ದಿನಕ್ಕೆ ಇಪ್ಪತ್ತು ಸಲ ಒಂದೇ ಬೋಲ್ಟ್ ತಿರುಗಿಸುತ್ತಾ ನಿಲ್ಲುವುದು ನನ್ನಿಂದ ಆಗದು.

ಕಾರನ್ನು ಮೇಲೆತ್ತಿ ನೋಡಿದೆ. ಸ್ಲೀವ್ ಹೊಳೆಯುತ್ತಲೇ ಇತ್ತು, ಪಟ್ಟಿ ಬಿಗಿಯಾಗಿಯೇ ಇತ್ತು. ಸ್ಲೀವನ್ನು ಕೊಯ್ದರೆ ಒಳಗೆ ಕೇಬಲ್ ಮತ್ತೆ ಗುಳ್ಳೆ ಎದ್ದಿದೆ, ಅದೂ ಒಂದೇ ಜಾಗದಲ್ಲಿ: ಗೇರ್ ಬಾಕ್ಸಿನ ಮೇಲೆ ಕೇಬಲ್ ಬಾಗುವಲ್ಲಿ. ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ಓಡಿದಾಗ ಏನೂ ಆಗದ ಕೇಬಲ್ ಊರೊಳಗೇ ಇರುವ ಅಲ್ ಮೀನಾಕ್ಕೆ ಹೋಗಿ ಬರುವುದರೊಳಗೆ ಬೆಂದದ್ದು ಹೇಗೆ? ಸಿಗ್ನಲಿನಲ್ಲಿ ಎರಡು ಮೂರು ನಿಮಿಷ ನಿಂತರೆ ಇಷ್ಟು ಆಗುವುದಿಲ್ಲ. ಬಾಗಿದ ಜಾಗಕ್ಕೆ ತಾಪ ಅಳೆಯುವ ಮೀಟರಿನ ತಂತಿ ಕಟ್ಟಿ, ಗ್ಯಾರೇಜಿನೊಳಗೇ ಎಂಜಿನ್ ಚಾಲೂ ಮಾಡಿ ಇಪ್ಪತ್ತು ನಿಮಿಷ ಬಿಟ್ಟೆ. ಎಂಬತ್ತು ಡಿಗ್ರಿ ದಾಟಲಿಲ್ಲ. ಮತ್ತೆ ಮಾಡಿದೆ. ಅದೇ. ಕೇಬಲ್ಲೇ ಕಳಪೆ ಎಂದು ಜಪಾನಿನವರನ್ನು ಮನಸ್ಸಿನಲ್ಲಿ ಬೈದೆ, ಆಮೇಲೆ ನಾಚಿಕೆಯಾಯಿತು.

ಮೂರನೇ ದಿನ, ಬೇರೆ ದಾರಿ ಕಾಣದೆ, ಮುಂದಿನ ತುದಿ ನೋಡೋಣ ಎಂದು ಗೇರ್ ಲಿವರಿನ ಸುತ್ತಲಿನ ಚರ್ಮದ ಹೊದಿಕೆ ಬಿಚ್ಚಿದೆ. ಲಿವರಿನ ಬುಡದಲ್ಲಿ ಕಂದು ಬಣ್ಣದ ಅಂಟು. ಒಣಗಿದ್ದು, ಪದರ ಪದರವಾಗಿ. ಬೆರಳಿಗೆ ಹತ್ತಿಸಿ ಮೂಸಿದೆ. ಏಲಕ್ಕಿ. ಸೀಟಿನ ಅಡಿಗೆ ಕೈ ಹಾಕಿದರೆ ಮಡಚಿ ತುರುಕಿದ್ದ ಪುಟ್ಟ ಕಾಗದದ ಲೋಟಗಳು, ಒಟ್ಟು ಆರು.

ಸಿಕ್ಕಿತು ರೋಗ ಎಂದುಕೊಂಡೆ. ಸಕ್ಕರೆಯ ಅಂಟಿನಿಂದಲೇ ಲಿವರ್ ಹಿಡಿದಿದೆ! ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಗ್ರೀಸ್ ಹಾಕಿದೆ. ಲಿವರ್ ಮೊದಲೂ ಸಲೀಸಾಗಿತ್ತು, ಈಗಲೂ ಸಲೀಸಾಗಿತ್ತು. ಬೆಂದ ಕೇಬಲ್ಲಿಗೆ ಅದು ಉತ್ತರವೇ ಅಲ್ಲ. ಅರ್ಧ ದಿನ ಹೋಯಿತು.

ಕೈ ತೊಳೆಯುವಾಗ ಬೇರೊಂದು ಯೋಚನೆ ಬಂತು. ಹಾಲು, ಸಕ್ಕರೆ, ಏಲಕ್ಕಿ ಹಾಕಿ ಗಟ್ಟಿಯಾಗಿ ಕುದಿಸುವ ಇಲ್ಲಿನ ಕರಕ್ ಚಹಾವನ್ನು ಯಾರೂ ಓಡಿಸುತ್ತಾ ಕುಡಿಯುವುದಿಲ್ಲ, ಅಷ್ಟು ಬಿಸಿ ಇರುತ್ತದೆ. ಈ ಊರಿನಲ್ಲಿ ಅದನ್ನು ಕುಡಿಯುವ ಕ್ರಮವೇ ಬೇರೆ. ಕೆಫೆಟೇರಿಯಾದ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆಯುವುದು, ಕೆಲಸದವರು ಓಡಿ ಬಂದು ಕಿಟಕಿಯಲ್ಲಿ ಕೇಳಿಕೊಂಡು ಹೋಗುವುದು, ಚಹಾ ತಂದುಕೊಡುವುದು, ಕುಡಿದು ಮುಗಿಸುವುದು. ಕಾರಿನಿಂದ ಯಾರೂ ಇಳಿಯುವುದಿಲ್ಲ. ಏಸಿ ಬೇಕಲ್ಲ, ಎಂಜಿನ್ ಬಂದ್ ಮಾಡುವುದೂ ಇಲ್ಲ.

ಪೊರ್ಬುಗಳಿಗೆ ಫೋನ್ ಮಾಡಿ ಸೀದಾ ಕೇಳಿದೆ. "ನೀವು ಚಾಕ್ಕೆ ಎಷ್ಟು ಹೊತ್ತು ನಿಲ್ತೀರಿ?"

ಅವರು ಒಮ್ಮೆ ಕೆಮ್ಮಿದರು. ಆಮೇಲೆ, "ಹಾಂ ಹಾಂ, ಆ ಸ್ಯಾಂಪಲ್ ನಾಳೆ ಕಳಿಸಿ" ಎಂದು ಫೋನ್ ಇಟ್ಟರು. ಹತ್ತು ನಿಮಿಷ ಬಿಟ್ಟು ಅವರೇ ಫೋನ್ ಮಾಡಿದರು. ಕಟ್ಟಡದ ಕೆಳಗೆ ಬಂದಿದ್ದರೆಂದು ಕಾಣುತ್ತದೆ, ಹಿಂದೆ ವಾಹನಗಳ ಸದ್ದು.

"ಎಂತ ಬ್ಯಾರ್ರೆ, ನನ್ನನ್ನು ಕೊಲ್ತೀರಾ? ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ನನಗೆ ಶುಗರ್ ಉಂಟು. ಸಕ್ಕರೆ ಬಂದ್ ಮಾಡಿ ವರ್ಷ ಆಯ್ತು, ಅವಳ ಲೆಕ್ಕದಲ್ಲಿ."

ಶನಿವಾರ ಶನಿವಾರ ಅವರು ಮೀನು ತರಲು ಅಲ್ ಮೀನಾ ಮಾರುಕಟ್ಟೆಗೆ ಹೋಗುತ್ತಾರೆ. ಮೀನು ಕೊಂಡ ಮೇಲೆ ಪಕ್ಕದ ಕೆಫೆಟೇರಿಯಾದ ಮುಂದೆ ಎರಡು ಕರಕ್. ಇಪ್ಪತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಆ ದಿನ ಅಲ್ಲಿಂದ ಹೊರಟು ಎರಡನೇ ಗೇರಿಗೆ ಹಾಕಿದ್ದಷ್ಟೇ, ಲಿವರ್ ಅಲ್ಲೇ ಸಿಕ್ಕಿಕೊಂಡಿತ್ತು.

"ಎಂಜಿನ್?"

"ಹೇಗೆ ಬಂದ್ ಮಾಡೂದು ಮಾರಾಯ್ರೆ? ಬದಿಯ ಸೀಟಿನಲ್ಲಿ ಮೀನು ಉಂಟಲ್ಲ, ಕೆಡುದಿಲ್ವಾ?"

ಮುಂದಿನ ಶನಿವಾರ ಅವರ ಜೊತೆ ನಾನೇ ಹೋದೆ. ಬೆಂದ ಕೇಬಲ್ ತಣ್ಣಗಿದ್ದಾಗ ಹೇಗೋ ಕೆಲಸ ಮಾಡುತ್ತಿತ್ತು, ಅಷ್ಟು ಸಾಕಿತ್ತು. ಮೀಟರಿನ ತಂತಿಯನ್ನು ಕೇಬಲ್ಲಿನ ಬಾಗಿಗೆ ಕಟ್ಟಿ, ಸೀಟಿನ ಹಿಂದಿನ ರಂಧ್ರದಿಂದ ಒಳಗೆ ತಂದಿದ್ದೆ. ಒಂದು ತೊಡೆಯ ಮೇಲೆ ಮೀಟರು, ಇನ್ನೊಂದರ ಮೇಲೆ ಅಂಜಲ್ ಮೀನಿನ ಐಸ್ ಬಾಕ್ಸು. ಪೊರ್ಬುಗಳು ಹಾರ್ನ್ ಹೊಡೆದರು. ಕೆಫೆಟೇರಿಯಾದವನು ಕಿಟಕಿಯವರೆಗೆ ಬರಲೂ ಇಲ್ಲ, ದೂರದಿಂದಲೇ ಎರಡು ಬೆರಳು ತೋರಿಸಿ ತಲೆ ಅಲ್ಲಾಡಿಸಿದ. ಅಷ್ಟು ಹಳೆಯ ಗಿರಾಕಿ.

ಬಂದು ನಿಂತಾಗ ತೊಂಬತ್ತೈದು ಡಿಗ್ರಿ. ಮೊದಲ ಲೋಟ ಮುಗಿಯುವಾಗ ನೂರ ಹತ್ತು. ಎರಡನೆಯದು ಅರ್ಧ ಆಗುವಾಗ ನೂರ ಮೂವತ್ತೆಂಟು, ಇನ್ನೂ ಏರುತ್ತಲೇ ಇತ್ತು.

"ಈಗ ಒಂದನೇ ಗೇರಿಗೆ ಹಾಕಿ" ಎಂದೆ.

ಅವರು ಒತ್ತಿದರು. ಲಿವರ್ ಕದಲಲಿಲ್ಲ. ಎರಡೂ ಕೈಯಿಂದ ಒತ್ತಿದರು. ಅವರ ಮುಖ ಸಣ್ಣಗಾಯಿತು. ನಾನು ಮಾತ್ರ ಜೋರಾಗಿ ನಕ್ಕುಬಿಟ್ಟೆ. ರೋಗ ಕಣ್ಣೆದುರಿಗೆ ಬಂದು ಕೂತಾಗ ಆಗುವ ಸಂತೋಷ ಈ ಕೆಲಸ ಮಾಡುವವರಿಗೇ ಗೊತ್ತು. ಪೊರ್ಬುಗಳಿಗೆ ಸಿಟ್ಟು ಬಂತು, "ನಿಮಗೆ ಎಂತ ನಗು, ಮೀನು ನನ್ನದಲ್ವಾ" ಎಂದರು. ಎಂಜಿನ್ ಬಂದ್ ಮಾಡಿ, ಕಾರು ತಣಿಯುವವರೆಗೆ ಕೆಫೆಟೇರಿಯಾದ ಫ್ರಿಜ್ಜಿನಲ್ಲಿ ಮೀನು ಇಡಿಸಿ, ಒಂದೂವರೆ ಗಂಟೆ ಕೂತೆವು.

ಆ ಒಂದೂವರೆ ಗಂಟೆಯಲ್ಲಿ ನನಗೆ ಎಲ್ಲವೂ ಬಿಡಿಸಿ ಇಟ್ಟಂತೆ ಕಂಡಿತು. ಕಾರು ಓಡುವಾಗ ಅಡಿಯಿಂದ ಗಾಳಿ ನುಗ್ಗಿ ಬಿಸಿಯನ್ನು ಹೊತ್ತೊಯ್ಯುತ್ತದೆ. ನಿಂತಾಗ ಬಿಸಿ ಸೀದಾ ಮೇಲೇರಿ ಕೇಬಲ್ ಬಾಗುವಲ್ಲಿ ಕೂರುತ್ತದೆ. ನನ್ನ ಸ್ಲೀವ್ ಬಿಸಿ ಒಳಬರುವುದನ್ನು ತಡ ಮಾಡುತ್ತಿತ್ತೇ ಹೊರತು ತಡೆಯುತ್ತಿರಲಿಲ್ಲ. ಒಳಗೆ ಬಂದ ಮೇಲೆ ಹೊರಗೆ ಹೋಗಲೂ ಬಿಡುತ್ತಿರಲಿಲ್ಲ, ಕಂಬಳಿ ಹೊದ್ದು ಬಿಸಿಲಲ್ಲಿ ಕೂತ ಹಾಗೆ. ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿದಾಗ ಬಿಸಿ ಏರಲಿಲ್ಲ ಏಕೆಂದರೆ ನನ್ನ ಬೆನ್ನಿಗೇ ಆಳೆತ್ತರದ ಕೂಲರ್ ಫ್ಯಾನ್ ಬೀಸುತ್ತಿತ್ತು. ನನಗೆ ಸೆಕೆಯಾಗದಿರಲೆಂದು ಇಟ್ಟ ಫ್ಯಾನು ಕೇಬಲ್ಲಿಗೂ ಗಾಳಿ ಹಾಕುತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ವಾಪಸ್ ಬರುವಾಗ ಪೊರ್ಬುಗಳು ಮೆಲ್ಲನೆ ಕೇಳಿದರು. "ಕಾರ್ಡಿನಲ್ಲಿ ಎಂತ ಬರೀತೀರಿ? ಅದರ ಕಾಪಿ ಮುಲ್ಕಿಯಾ ಯಾರ ಹೆಸರಲ್ಲಿ ಉಂಟೋ ಅವರ ಫೋನಿಗೆ ಹೋಗ್ತದಂತಲ್ಲ."

ಆ ರಾತ್ರಿ ರೂಮಿನಲ್ಲಿ ಊಟ ಸೇರಲಿಲ್ಲ. ಗಿರಾಕಿ ಎಂಜಿನ್ ಚಾಲೂ ಇಟ್ಟು ಅರ್ಧ ಗಂಟೆ ನಿಲ್ಲಿಸುತ್ತಾರೆ ಎಂದು ಒಂದು ಸಾಲು ಬರೆದರೆ ಮ್ಯಾನೇಜರ್ ಒಪ್ಪುತ್ತಾರೆ, ನನ್ನ ಮೂಲೆ ಉಳಿಯುತ್ತದೆ. ಅದು ಸುಳ್ಳೂ ಅಲ್ಲ. ಬಾಯಮ್ಮ ಕೇಳಿದರೆ ಕೇಳಲಿ, ಅದು ಗಂಡ ಹೆಂಡತಿಯ ಮಾತು. ಹೀಗೆಲ್ಲ ಅಂದುಕೊಂಡೆ. ಆದರೆ ಒಂದು ವಿಷಯ ಒಳಗೇ ಕೊರೆಯುತ್ತಿತ್ತು. ಈ ದೇಶದಲ್ಲಿ ಚಹಾಕ್ಕೆ ನಿಲ್ಲದ ಕಾರು ಯಾವುದಿದೆ? ನಾನೇ ವಾರಕ್ಕೆ ನಾಲ್ಕು ಸಲ ಹಾಗೆ ನಿಲ್ಲುತ್ತೇನೆ. ಅದು ಗೊತ್ತಿದ್ದೂ ನಾನು ಕಾರನ್ನು ಓಡಿಸಿ ನೋಡಿದೆನೇ ಹೊರತು ನಿಲ್ಲಿಸಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಡಿನಲ್ಲಿ ಬರೆದೆ: ಶಾಖ ತಡೆಯುವ ವ್ಯವಸ್ಥೆ ಸಾಲದು, ನಿಂತ ಕಾರಿನಲ್ಲಿ ಪರೀಕ್ಷೆ ಮಾಡಿರಲಿಲ್ಲ, ತಪ್ಪು ನನ್ನದು.

ಮ್ಯಾನೇಜರ್ ಎರಡು ಸಲ ಓದಿದರು. "ಏನು ಬರೆದಿದ್ದಿ ಅಂತ ಗೊತ್ತುಂಟಾ?"

"ಗೊತ್ತುಂಟು."

"ಹಾಗಾದ್ರೆ ನಾನು ಲಿಫ್ಟಿನವರಿಗೆ ಹೇಳ್ತೇನೆ. ಈ ಗಾಡಿ ಮುಗಿಸಿ ಕೊಡು. ಕೊಡುವ ಮೊದಲು ನಾನೇ ಕೂತು ನೋಡ್ತೇನೆ."

ಕೊನೆಯ ಕಾರು ಎಂದು ತಿಳಿದ ಮೇಲೆ ಒಂದು ಬಗೆಯ ಹಟ ಬಂತು. ಮಾಡಿದರೆ ಹೀಗೆ ಮಾಡಬೇಕು ಅನ್ನಿಸುವಂತೆ ಮಾಡಿಹೋಗುತ್ತೇನೆ ಎಂದುಕೊಂಡೆ. ಜಪಾನಿನಲ್ಲಿ ಇನ್ನೊಂದು ಜೋಡಿ ಇರಲಿಲ್ಲ. ಶಾರ್ಜಾದಲ್ಲಿ ಕೇಬಲ್ ಮಾಡಿಕೊಡುವ ಒಬ್ಬರಿಗೆ ಹಳೆಯ ತುದಿಗಳನ್ನು ಕೊಟ್ಟು, ಹೆಚ್ಚು ಬಿಸಿ ತಾಳುವ ನಳಿಗೆ ಹಾಕಿಸಿ ಹೊಸದಾಗಿ ಕಟ್ಟಿಸಿದೆ. ಖರ್ಜೂರದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಪೈಪಿನ ಮೇಲೆ ಹಿಡಿದು ನೋಡಿ, ಮತ್ತೆ ಕತ್ತರಿಸಿ, ತಗಡಿನ ಅಳತೆ ತೆಗೆದೆ. ಅಲ್ಯೂಮಿನಿಯಂ ತಗಡು ಎರಡು ಪದರ, ನಡುವೆ ಬೆರಳು ಹೋಗುವಷ್ಟು ಸಂದು. ಕೆಳಗಿನ ಪದರ ಬಿಸಿಯನ್ನು ಪೈಪಿಗೇ ತಿರುಗಿಸಿ ಕಳಿಸಬೇಕು, ಸಂದಿನಲ್ಲಿ ಗಾಳಿ ಆಡಬೇಕು, ಮೇಲಿನ ಪದರ ತಣ್ಣಗಿರಬೇಕು.

ಮೊದಲನೆಯದು ಕೆಟ್ಟಿತು. ತಗಡನ್ನು ಪೈಪಿಗೇ ಬಿಗಿದಿದ್ದೆ. ಎಂಜಿನ್ ಚಾಲೂ ಆದ ಕೂಡಲೇ ಜೇನುಹುಳುವಿನ ಹಾಗೆ ಗುಂಯ್ ಎಂದಿತು, ಮೇಲಾಗಿ ಪೈಪಿನ ಬಿಸಿ ಬೋಲ್ಟುಗಳ ಮೂಲಕ ತಗಡಿಗೇ ಹತ್ತಿತು. ಎಲ್ಲ ಬಿಚ್ಚಿ, ತಗಡಿನ ಅಂಚು ಮಡಚಿ ಗಟ್ಟಿ ಮಾಡಿ, ಈ ಸಲ ಪೈಪಿಗೆ ಮುಟ್ಟದಂತೆ ಕಾರಿನ ಚೌಕಟ್ಟಿಗೆ ನಾಲ್ಕು ಗಿಡ್ಡ ಉಕ್ಕಿನ ಕಾಲುಗಳ ಮೇಲೆ ಕೂರಿಸಿದೆ. ಕೇಬಲ್ಲಿನ ದಾರಿಯನ್ನೂ ಬದಲಿಸಿದೆ. ಬಾಗನ್ನು ನಾಲ್ಕು ಬೆರಳು ಮೇಲಕ್ಕೆ ಎತ್ತಿ, ಸೀಟಿಗೂ ಎಂಜಿನ್ನಿಗೂ ನಡುವಿನ ತಗಡಿನ ಗೋಡೆಗೆ ಎರಡು ಕ್ಲಿಪ್ಪಿನಿಂದ ಹಿಡಿಸಿದೆ. ಆ ಚೆಂದದ ಬೆಳ್ಳಿ ಸ್ಲೀವನ್ನು ಬಾಗಿನ ಜಾಗದಲ್ಲಿ ಹಾಕಲೇ ಇಲ್ಲ, ಅಲ್ಲಿ ಕೇಬಲ್ ಬರಿಮೈಯಲ್ಲೇ ಗಾಳಿ ತಿನ್ನಲಿ ಎಂದು ಬಿಟ್ಟೆ.

ಜುಲೈ ಕೊನೆಯ ಶನಿವಾರ, ಹಗಲು ಹನ್ನೆರಡಕ್ಕೆ, ಅಲ್ ಮೀನಾ. ಪೊರ್ಬುಗಳು ಓಡಿಸಿದರು, ಮ್ಯಾನೇಜರ್ ಪಕ್ಕದಲ್ಲಿ ಮೀಟರ್ ಹಿಡಿದು ಕೂತರು. ನಾನು ಹಿಂದೆ ಪಿಕಪ್ಪಿನಲ್ಲಿ. ಕೆಫೆಟೇರಿಯಾದ ಮುಂದೆ ಹಾರ್ನ್ ಆಯಿತು. ನಾನು ಇಳಿದು ಬಿಸಿಲಲ್ಲೇ ಮ್ಯಾನೇಜರರ ಕಿಟಕಿಯ ಬಳಿ ನಿಂತೆ. ಹತ್ತು ನಿಮಿಷ, ಎಂಬತ್ತು. ಇಪ್ಪತ್ತು ನಿಮಿಷ, ಎಂಬತ್ತೇಳು. ಮ್ಯಾನೇಜರ್ ಎರಡನೇ ಚಹಾ ತರಿಸಿದರು. ಅರ್ಧ ಗಂಟೆಗೆ ತೊಂಬತ್ತೊಂದು, ಅಲ್ಲಿಂದ ಮುಂದೆ ಅಂಕಿ ಕದಲಲಿಲ್ಲ. ನಲವತ್ತು ನಿಮಿಷಕ್ಕೆ ಅವರು ಪೊರ್ಬುಗಳನ್ನು ಇಳಿಸಿ ತಾವೇ ಸ್ಟೀರಿಂಗಿನ ಹಿಂದೆ ಕೂತು ಒಂದೊಂದೇ ಗೇರು ಹಾಕಿದರು. ಒಂದು, ಎರಡು, ಮೂರು, ನಾಲ್ಕು, ಐದು. ಕೊನೆಗೆ ರಿವರ್ಸ್. ಕಾರು ಮೆಲ್ಲನೆ ಹಿಂದಕ್ಕೆ ಸರಿಯಿತು. ನನಗೆ ಕಣ್ಣು ತುಂಬಿ ಬಂತು, ಬೆವರು ಒರೆಸುವವನ ಹಾಗೆ ಒರೆಸಿಕೊಂಡೆ.

ಮ್ಯಾನೇಜರ್ ಇಳಿದು, "ಕೆಲಸ ಒಳ್ಳೇದಾಗಿದೆ. ಮೊದಲೇ ಹೀಗೆ ಮಾಡಿದ್ರೆ ಆಗ್ತಿತ್ತು" ಎಂದರು.

ಪೊರ್ಬುಗಳು ಮುಂದೆ ಬಂದರು. "ಸಾರ್, ಮೊದಲೇ ಹೇಗೆ ಮಾಡೂದು? ನಾನು ಸತ್ಯ ಹೇಳ್ಬೇಕಲ್ವಾ? ಚಾಕ್ಕೆ ನಿಲ್ಲೂದು ನಾನು, ಎಂಜಿನ್ ಚಾಲೂ ಇಡೂದು ನಾನು, ಸಿಗ್ನಲ್ ಅಂತ ಸುಳ್ಳು ಹೇಳಿದ್ದೂ ನಾನೇ. ಈ ಬ್ಯಾರ್ರು ನನ್ನ ಮರ್ಯಾದೆ ಉಳಿಸ್ಲಿಕ್ಕೆ ತನ್ನ ಮೇಲೆ ಬರ್ಕೊಂಡದ್ದು."

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಹೌದಾ?"

"ಅವರ ಮರ್ಯಾದೆಗೆ ಮಾತ್ರ ಅಲ್ಲ" ಎಂದೆ. "ಎಲ್ಲರೂ ಚಾಕ್ಕೆ ನಿಲ್ಲುವ ಊರಲ್ಲಿ, ಚಾಕ್ಕೆ ನಿಲ್ಲಿಸ್ಲಿಕ್ಕೆ ಆಗದ ಕಾರನ್ನು ಕೊಟ್ಟದ್ದು ನಾನೇ ಅಲ್ವಾ?"

ಮ್ಯಾನೇಜರ್ ಖಾಲಿ ಲೋಟವನ್ನು ಕಸದ ಡಬ್ಬಿಗೆ ಹಾಕಿ, ಫೋನ್ ತೆಗೆದು ಯಾರಿಗೋ ಏನೋ ಟೈಪ್ ಮಾಡುತ್ತಾ ಪಿಕಪ್ಪಿನ ಕಡೆ ನಡೆದರು. ಇತ್ತ ಪೊರ್ಬುಗಳು ತಾವಾಗಿ ಬಾಯಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳುತ್ತಿದ್ದರು. ಎರಡು ನಿಮಿಷ ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡು ನಿಂತರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು.

"ಬ್ಯಾರ್ರೆ" ಎಂದಿತು ಬಾಯಮ್ಮನ ಸ್ವರ. "ಕೆಫೆಟೇರಿಯಾದವನಿಗೆ ಹೇಳಿ, ಇನ್ನು ಈ ಕೆಂಪು ಕಾರಿಗೆ ಸಕ್ಕರೆ ಹಾಕದ್ದು ಒಂದೇ ಲೋಟ. ಮುಂದಿನ ವಾರ ನಾನೂ ಬರ್ತೇನೆ, ನೋಡ್ತೇನೆ."

ಹೇಳಿಬಂದೆ. ಪಿಕಪ್ಪಿಗೆ ಹತ್ತಿದಾಗ ಮ್ಯಾನೇಜರ್ ಇನ್ನೂ ಫೋನ್ ನೋಡುತ್ತಿದ್ದರು. ಗಾಡಿ ಸ್ಟಾರ್ಟ್ ಮಾಡಿ, ಏಸಿ ಹಾಕಿ, ಮುಸಫ್ಫಾದ ದಾರಿ ಹಿಡಿದೆ. ಎರಡು ಸಿಗ್ನಲ್ ದಾಟಿದ ಮೇಲೆ ಮ್ಯಾನೇಜರ್ ಫೋನನ್ನು ಕಿಸೆಗೆ ಹಾಕಿದರು.

"ಶಾರ್ಜಾದಿಂದ ಒಬ್ರು ವಾರದಿಂದ ಫೋನ್ ಮಾಡ್ತಿದ್ದಾರೆ" ಎಂದರು. "ಅವರಪ್ಪನ ಕಾಲದ ವ್ಯಾನಂತೆ. ಮೂರು ಗ್ಯಾರೇಜಿನವರು ಆಗೂದಿಲ್ಲ ಅಂದಿದ್ದಾರಂತೆ. ಸೋಮವಾರ ತರ್ಲಿಕ್ಕೆ ಹೇಳ್ಲಾ?"

"ತಂದ್ರೆ ಎಲ್ಲಿ ನಿಲ್ಸೂದು ಸಾರ್?"

"ಎಲ್ಲಿ ಅಂದ್ರೆ?" ಅವರು ನನ್ನನ್ನೇ ವಿಚಿತ್ರ ಪ್ರಾಣಿಯಂತೆ ನೋಡಿದರು. "ನಿನ್ನ ಮೂಲೆಯಲ್ಲಿ. ಲಿಫ್ಟಿನವರಿಗೆ ಬೇಡ ಅಂದಾಯ್ತು."

"ಹೇಳಿ" ಎಂದೆ. ಸೋಮವಾರದೊಳಗೆ ಮೂಲೆ ಗುಡಿಸಿಡಬೇಕು ಎಂದುಕೊಂಡು ಮುಂದಿನ ಗೇರು ಹಾಕಿದೆ.